ವರದಿಯ ನಾಲ್ಕನೇ ಪುಟ

ಗುರುತು ಸಿಗದಂತೆ ಇಲ್ಲಿ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಸಲಹೆಗಾಗಿ ನನ್ನ ಬಳಿ ಬಂದವರು ಪ್ರೌಢಶಾಲೆಯೊಂದರ ಮುಖ್ಯ ಶಿಕ್ಷಕಿ. ಸೇವೆ 26 ವರ್ಷ. ಶಾಲೆಗೆ ಅಧಿಕೃತ ತಪಾಸಣೆ ನಡೆದು, ವರದಿ ಕೈಸೇರಿ 11 ದಿನವಾಗಿತ್ತು. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ, ಬೆಳಿಗ್ಗೆ ಶಾಲೆಯ ಗೇಟು ಕಂಡೊಡನೆ ಹೊಟ್ಟೆಯಲ್ಲಿ ಸಂಕಟ ಎಂದರು. ಕುಳಿತ ಮೇಲೆ ಮೊದಲು ಆಡಿದ ಮಾತು: “ನಾನು ಫೇಲಾದೆ.”

ವರದಿಯನ್ನು ಜೊತೆಗೇ ತಂದಿದ್ದರು. ಗಟ್ಟಿಯಾಗಿ ಓದಿ ಎಂದೆ. ಮೂರನೇ ಪುಟವನ್ನು ಮಗುಚಿ ನೇರ ನಾಲ್ಕಕ್ಕೆ ಹೋದರು. ಆ ಪುಟ ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಹಳೆಯ ಬಟ್ಟೆಯಂತೆ ಮೆತ್ತಗಾಗಿತ್ತು. ಮೂರನೆಯದು ಮಾತ್ರ ಇನ್ನೂ ಗರಿಗರಿಯಾಗಿತ್ತು. ಅದನ್ನು ನಾನೇ ಓದಿದೆ. ಮಕ್ಕಳಿಗೆ ಶಾಲೆಯಲ್ಲಿ ಭಯವಿಲ್ಲ, ಯಾರಾದರೂ ಪೀಡಿಸಿದರೆ ಯಾರಿಗೆ ಹೇಳಬೇಕೆಂದು ಅವರಿಗೆ ಗೊತ್ತು, ಶಿಕ್ಷಕರು ಪ್ರತಿ ಮಗುವಿನ ಮನೆಯ ಪರಿಸ್ಥಿತಿಯನ್ನು ಬಲ್ಲರು, ಕೊನೆಯ ವರ್ಷದ ಪರೀಕ್ಷಾ ಫಲಿತಾಂಶ ಚೆನ್ನಾಗಿದೆ ಎಂದಿತ್ತು. ನಾಲ್ಕನೇ ಪುಟದಲ್ಲಿ ಕೊರತೆಗಳು: ಕೆಳಗಿನ ತರಗತಿಗಳಲ್ಲಿ ನೋಡಿದ ಕೆಲವು ನೋಟ್‌ಬುಕ್‌ಗಳಲ್ಲಿ ತಿದ್ದುವಿಕೆ ಎಂದರೆ ಬರಿಯ ಟಿಕ್ ಗುರುತು; ಬೇಗ ಕಲಿಯುವ ಮಕ್ಕಳು ಕೆಲಸ ಮುಗಿಸಿ ಸುಮ್ಮನೆ ಕೂರುತ್ತಾರೆ; ಗೈರುಹಾಜರಿ ದಾಖಲಾಗುತ್ತದೆ, ಆದರೆ ಅದರ ಬೆನ್ನು ಹತ್ತುವವರಿಲ್ಲ.

“ಇವುಗಳಲ್ಲಿ ನಿಮಗೆ ಹೊಸದು ಯಾವುದು?” ಎಂದು ಕೇಳಿದೆ.

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಯಾವುದೂ ಅಲ್ಲ” ಎಂದರು.

ಮಾತು ಬಿಚ್ಚಿಕೊಂಡಿದ್ದು ಅಲ್ಲಿಂದ. ಶಾಲೆಯಲ್ಲಿ ಹಿರಿಯ ಗಣಿತ ಶಿಕ್ಷಕರೊಬ್ಬರಿದ್ದಾರೆ. ಈಕೆ ಹೊಸದಾಗಿ ಸೇರಿದಾಗ ಕೈಹಿಡಿದು ಕೆಲಸ ಕಲಿಸಿದವರು. ಎರಡು ವರ್ಷದ ಹಿಂದೆ ಅವರ ತರಗತಿಯ ನೋಟ್‌ಬುಕ್ ಒಂದನ್ನು ಈಕೆ ತೆರೆದಿದ್ದರು. ಆವರಣದ ಹೊರಗಿನ ಋಣ ಚಿಹ್ನೆಯನ್ನು ಮಗು ಒಳಗಿನ ಮೊದಲ ಪದಕ್ಕೆ ಮಾತ್ರ ಹಚ್ಚಿ ಎರಡನೆಯದನ್ನು ಹಾಗೆಯೇ ಬಿಟ್ಟಿತ್ತು. ಒಂದು ಪುಟದಲ್ಲಲ್ಲ, ಒಂಬತ್ತು ಪುಟಗಳಲ್ಲಿ. ಪ್ರತಿ ಪುಟದ ಕೆಳಗೂ ಕೆಂಪು ಟಿಕ್. ಈಕೆ ಪುಸ್ತಕ ಮುಚ್ಚಿ ಇದ್ದಲ್ಲೇ ಇಟ್ಟು ಬಂದರು. ಗುರುವಿನಂಥವರಿಗೆ ಹೇಗೆ ಹೇಳುವುದು?

ಅವರ ನಿದ್ದೆ ಕೆಡಿಸಿದ್ದು ಇದು ಎಂದು ನನಗೆ ಅನ್ನಿಸಿತು. ತಾವು ಎರಡು ವರ್ಷ ನುಂಗಿಕೊಂಡಿದ್ದ ಮಾತನ್ನು ಅಪರಿಚಿತರು ಎರಡೇ ದಿನದಲ್ಲಿ ಬರೆದು ಹೋಗಿದ್ದರು.

ಇಡೀ ಶಾಲೆಯನ್ನು ಒಂದೇ ಪದದಲ್ಲಿ ಅಳೆಯುವುದರ ಬಗ್ಗೆ ನನಗೆ ಮೊದಲಿನಿಂದಲೂ ತಕರಾರಿದೆ. ಇಂಗ್ಲೆಂಡಿನಲ್ಲಿ ಆಫ್‌ಸ್ಟೆಡ್ ಎಂಬ ತಪಾಸಣಾ ಸಂಸ್ಥೆ ಸರ್ಕಾರಿ ಶಾಲೆಗಳಿಗೆ ಒಟ್ಟಾರೆ ಒಂದು ಪದದ ದರ್ಜೆ ಕೊಡುವುದನ್ನು 2024ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿತು. ಆದರೆ ಈಕೆಯ ವರದಿಯಲ್ಲಿ ಅಂಥ ಪದವೇ ಇರಲಿಲ್ಲ. ‘ಫೇಲು’ ಅವರೇ ಸೇರಿಸಿಕೊಂಡದ್ದು. ಹಾಗಾಗಿ ನನ್ನ ಮೊದಲ ಸಲಹೆ: ಪ್ರತಿ ಕೊರತೆಯ ಎದುರು ತಪಾಸಕರು ಏನನ್ನು, ಯಾವ ತರಗತಿಯಲ್ಲಿ ಕಂಡರೆಂದು ಬರೆಯಿರಿ. ‘ನೋಡಿದ ಕೆಲವು ನೋಟ್‌ಬುಕ್‌ಗಳಲ್ಲಿ’ ಎಂಬ ಮಾತು ಅವರ ಮನಸ್ಸಿನಲ್ಲಿ ‘ನನ್ನ ಶಾಲೆಯಲ್ಲಿ’ ಎಂದಾಗಿತ್ತು.

ಮೂರನೇ ಪುಟವನ್ನು ಸಮಾಧಾನಕ್ಕೆ ಓದಬೇಡಿ, ಕೆಲಸಕ್ಕೆ ಬಳಸಿ ಎಂದೂ ಹೇಳಿದೆ. ಮನೆಮನೆಯ ಕಥೆ ಬಲ್ಲ ಶಿಕ್ಷಕರಿರುವ ಶಾಲೆಯಲ್ಲಿ ಗೈರಾದ ಮಗುವಿನ ಮನೆಗೆ ಅದೇ ದಿನ ಫೋನ್ ಹೋಗುವುದಿಲ್ಲವೆಂದರೆ, ಶಿಕ್ಷಕರ ಕೊಠಡಿಯಲ್ಲಿ ಇರುವ ತಿಳಿವಳಿಕೆ ಹಾಜರಿ ಪುಸ್ತಕದವರೆಗೆ ತಲುಪಿಲ್ಲ ಎಂದರ್ಥ. ತರಗತಿ ಶಿಕ್ಷಕರೇ ಫೋನ್ ಮಾಡಲಿ, ಕಾರಣವನ್ನು ಅಲ್ಲೇ ಬರೆಯಲಿ.

ಕಷ್ಟದ ಸಲಹೆ ಗಣಿತ ಶಿಕ್ಷಕರ ಕುರಿತದ್ದು. ಶಿಕ್ಷಕರ ಸಭೆಗೆ ಮೊದಲೇ, ಅವರೊಬ್ಬರ ಜೊತೆ, ನೋಟ್‌ಬುಕ್ ಮುಂದಿಟ್ಟುಕೊಂಡು ಮಾತನಾಡಿ ಎಂದೆ. ಒಪ್ಪಲಿಲ್ಲ. ಈ ವಯಸ್ಸಿನಲ್ಲಿ ಅವರಿಗೆ ಅವಮಾನ ಮಾಡಿದಂತಾಗುತ್ತದೆ ಎಂದರು. ಸಭೆಯಲ್ಲಿ ಎಲ್ಲರೆದುರು ವರದಿಯ ಸಾಲು ಓದಿದಾಗ ಆಗುವುದೇನು ಎಂದು ಕೇಳಿದೆ. ಕೊನೆಗೆ ನಾವಿಬ್ಬರೂ ಕುಳಿತು ಆ ಮಾತನ್ನು ಆಡಿ ನೋಡಿದೆವು. “ತಪಾಸಕರು ಹೀಗೆ ಬರೆದಿದ್ದಾರೆ…” ಎಂದು ಶುರು ಮಾಡಿದರು. ತಪಾಸಕರನ್ನು ಕೋಣೆಯಿಂದ ಹೊರಗಿಡಿ ಎಂದೆ. ನಾಲ್ಕನೇ ಸಲಕ್ಕೆ ಸರಿಯಾದ ಮಾತು ಬಂತು: “ಇದನ್ನು ನಾನು ಎರಡು ವರ್ಷದ ಹಿಂದೆಯೇ ನೋಡಿದ್ದೆ ಸರ್. ನಿಮಗೆ ಹೇಳಲಿಲ್ಲ. ಅದು ನನ್ನ ತಪ್ಪು.”

ಬದುಕು ಬೇಡವೆಂಬ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದ್ದೆ. ಇಲ್ಲ ಎಂದಿದ್ದರು. ನಿದ್ರಾಹೀನತೆ, ಬೇಸರ ಎರಡು ವಾರ ದಾಟಿದರೆ ವೈದ್ಯರನ್ನು ಕಾಣಬೇಕು, ಅಂಥ ಯೋಚನೆ ಸುಳಿದರೆ ಅದೇ ದಿನ ಕಾಣಬೇಕು ಎಂದು ತಿಳಿಸಿದ್ದೆ.

ಮೂರನೇ ಭೇಟಿಯಲ್ಲಿ ನಡೆದದ್ದನ್ನು ಹೇಳಿದರು. ಹಿರಿಯರು ಒಂಬತ್ತೂ ಪುಟಗಳನ್ನು ಒಂದೊಂದಾಗಿ ತಿರುವಿ, ಕೊನೆಗೆ ಪುಸ್ತಕ ಮುಚ್ಚಿ ಹೊದಿಕೆಯ ಮೇಲಿನ ಹೆಸರು ಓದಿದರಂತೆ. “ಇವಳು ಈಗ ಯಾವ ತರಗತಿಯಲ್ಲಿದ್ದಾಳೆ?” ಎಂದು ಕೇಳಿ, ಪುಸ್ತಕವನ್ನು ಮನೆಗೆ ಒಯ್ದರಂತೆ. ಮುಖ್ಯ ಶಿಕ್ಷಕಿಗೆ ನಿದ್ದೆ ಇನ್ನೂ ಪೂರ್ತಿ ಮರಳಿಲ್ಲ. ವೈದ್ಯರನ್ನು ಕಂಡು ಬಂದಿದ್ದಾರೆ. ಮುಂದಿನ ಭೇಟಿ ಬರುವ ತಿಂಗಳು.