ಸೇನೆಯಿಂದ ಬಂದ ಮೇಲೆ ದೇವರ ಮಾತೆತ್ತಿದರೆ ಸಿಡುಕುತ್ತಾರೆ, ಏನು ಮಾಡಲಿ?

ಪ್ರಶ್ನೆ: ನನ್ನ ಯಜಮಾನರು ನಿವೃತ್ತ ಸೈನಿಕರು. ಕಾರ್ಯಾಚರಣೆಯೊಂದರಲ್ಲಿ ಜೊತೆಗಾರನನ್ನು ಕಣ್ಣೆದುರೇ ಕಳೆದುಕೊಂಡರು. ಅಂದಿನಿಂದ ನಿದ್ದೆಯಲ್ಲಿ ಬೆಚ್ಚಿ ಏಳುತ್ತಾರೆ. ಡಾಕ್ಟರು ಪಿಟಿಎಸ್‌ಡಿ (ದೊಡ್ಡ ಆಘಾತದ ನಂತರ ಕಾಡುವ ಮಾನಸಿಕ ತೊಂದರೆ) ಎಂದು ಮಾತ್ರೆ ಬರೆದುಕೊಟ್ಟಿದ್ದಾರೆ. ಮೊದಲು ಪ್ರಾರ್ಥನೆ ತಪ್ಪಿಸದವರು ಈಗ ‘ದೇವರ ಸುದ್ದಿ ಎತ್ತಬೇಡ’ ಎನ್ನುತ್ತಾರೆ. ನೆಂಟರ ಒತ್ತಾಯಕ್ಕೆ ಧ್ಯಾನ ಶಿಬಿರಕ್ಕೆ ಹೋದವರು, ಕಣ್ಣು ಮುಚ್ಚಿದ ಸ್ವಲ್ಪ ಹೊತ್ತಿಗೇ ಮೈಯೆಲ್ಲ ಬೆವತು ಎದ್ದು ಬಂದರು. ಮತ್ತೆ ಕಳಿಸಲೇ?

ಉತ್ತರ: ಸದ್ಯಕ್ಕೆ ಬೇಡ. ಸದಾ ಕಾವಲಿನಲ್ಲಿರುವ ಮನಸ್ಸಿಗೆ ಅಪರಿಚಿತರ ನಡುವೆ ಕಣ್ಣು ಮುಚ್ಚುವುದೆಂದರೆ ಕಾವಲು ಬಿಟ್ಟ ಹಾಗೆ. ಹೊರಗಿನ ಸದ್ದಡಗಿದೊಡನೆ ಒಳಗಿನ ದೃಶ್ಯಗಳು ಮೇಲೇಳುತ್ತವೆ. ಅವರು ಎದ್ದು ಬಂದದ್ದರಲ್ಲಿ ಅಶ್ರದ್ಧೆ ಏನೂ ಇಲ್ಲ.

ದೇವರ ಮೇಲಿನ ಸಿಟ್ಟಿನ ಬೇರು ಬೇರೆ ಕಡೆ ಇರಬಹುದು. ಪಿಟಿಎಸ್‌ಡಿ ಎಂದರೆ ಬರೀ ಭಯ ಎಂದುಕೊಳ್ಳುತ್ತೇವೆ. ಆದರೆ ಎಷ್ಟೋ ಸೈನಿಕರನ್ನು ಭಯಕ್ಕಿಂತ ಹೆಚ್ಚು ತಿನ್ನುವುದು ‘ನಾನು ಉಳಿಸಬಹುದಿತ್ತು’ ಎಂಬ ಅಪರಾಧಿ ಭಾವ. ತಜ್ಞರು ಇದನ್ನು ನೈತಿಕ ಗಾಯ ಎನ್ನುತ್ತಾರೆ. ಪಿಟಿಎಸ್‌ಡಿಗೆ ಚಿಕಿತ್ಸೆ ಪಡೆಯುತ್ತಿದ್ದ ಅಮೆರಿಕದ ಮಾಜಿ ಸೈನಿಕರ ಬಗ್ಗೆ 2004ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕೊಂದದ್ದು ಮತ್ತು ಸಾವನ್ನು ತಡೆಯಲಾಗದೆ ಹೋದದ್ದು ಇವೆರಡೂ ನಂಬಿಕೆಯನ್ನು ಸಡಿಲಿಸುತ್ತವೆ ಎಂದು ಕಂಡುಕೊಂಡಿತು. ನಂಬಿಕೆ ಕುಗ್ಗಿದವರೇ ಮಾನಸಿಕ ಚಿಕಿತ್ಸೆಯನ್ನು ಹೆಚ್ಚು ಅರಸಿ ಬರುತ್ತಿದ್ದರು. ಅವರು ಬದುಕಿನ ಅರ್ಥವನ್ನೂ ಹುಡುಕುತ್ತಿದ್ದಿರಬೇಕು ಎಂಬುದು ಸಂಶೋಧಕರ ಊಹೆ.

ಆದ್ದರಿಂದ ‘ದೇವರು ನಿಮ್ಮನ್ನು ಕಾಪಾಡಿದ’ ಎಂಬ ಸಾಂತ್ವನ ಬೇಡವೇ ಬೇಡ. ‘ಹಾಗಾದರೆ ಅವನನ್ನು ಯಾಕೆ ಕಾಪಾಡಲಿಲ್ಲ?’ ಎಂಬ ಪ್ರಶ್ನೆ ಅವರೊಳಗೆ ಆಗಲೇ ಕುದಿಯುತ್ತಿರುತ್ತದೆ. ನೆಂಟರಿಗೂ ಇದನ್ನು ಹೇಳಿಬಿಡಿ, ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ. ಯಜಮಾನರು ಸಿಟ್ಟಾದಾಗ ದೇವರ ಪರ ವಕಾಲತ್ತು ವಹಿಸದೆ, ಆ ಜೊತೆಗಾರ ಹೇಗಿದ್ದರು ಎಂದು ಕೇಳಿ. ಹೇಳಲು ಮನಸ್ಸಿಲ್ಲದಿದ್ದರೆ ಅಲ್ಲಿಗೇ ಬಿಡಿ.

ಇನ್ನು ಅಭ್ಯಾಸದ ವಿಷಯ. 2018ರಲ್ಲಿ ಪ್ರಕಟವಾದ, 173 ಮಾಜಿ ಸೈನಿಕರಿದ್ದ ಪ್ರಯೋಗವೊಂದರಲ್ಲಿ ಕೆಲವರಿಗೆ ಜಪವನ್ನು ಕ್ರಮವಾಗಿ ಕಲಿಸಲಾಯಿತು. ತಾನೇ ಆರಿಸಿಕೊಂಡ ಒಂದು ಪವಿತ್ರ ಪದವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುವುದು ಇದರ ತಿರುಳು. ಇನ್ನೊಂದು ಬಗೆಯ ಮಾತಿನ ಚಿಕಿತ್ಸೆ ಪಡೆದವರಿಗಿಂತ ಇವರ ಲಕ್ಷಣಗಳು ಹೆಚ್ಚು ಇಳಿದವು, ನಿದ್ದೆಯೂ ಸುಧಾರಿಸಿತು. ಇದಕ್ಕೆ ಕಣ್ಣು ಮುಚ್ಚಬೇಕಿಲ್ಲ, ನಡೆಯುತ್ತಲೂ ಮಾಡಬಹುದು. ಆದರೆ ಮನಸ್ಸು ತಿಳಿಯಾಗಿರುವಾಗಲೇ ರೂಢಿ ಮಾಡಿಕೊಳ್ಳಬೇಕು. ಗಾಬರಿ ಬಂದಾಗಷ್ಟೇ ನೆನಪಿಸಿಕೊಂಡರೆ ಕೈಗೆ ಸಿಗುವುದಿಲ್ಲ. ಪದ ಅವರದೇ ಆಯ್ಕೆಯಾಗಿರಲಿ, ನೀವು ಸೂಚಿಸಬೇಡಿ. ಈಗ ಬೇಡವೆಂದರೆ ಬೇಡ.

ಇದ್ಯಾವುದೂ ಚಿಕಿತ್ಸೆಗೆ ಬದಲಿಯಲ್ಲ. ನೀವು ಮಾತ್ರೆಯ ಬಗ್ಗೆ ಮಾತ್ರ ಬರೆದಿದ್ದೀರಿ. ಆಘಾತದ ನೆನಪನ್ನೇ ಹಂತಹಂತವಾಗಿ ಎದುರಿಸುವ ಮಾತಿನ ಚಿಕಿತ್ಸೆ ಕೊಡಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಆ ಕ್ಷಣದಲ್ಲಿ ತನಗೆ ಏನು ಗೊತ್ತಿತ್ತು, ಏನು ತನ್ನ ಕೈಲಿತ್ತು ಎಂದು ತಜ್ಞರ ಜೊತೆ ಕೂತು ಅಳೆದು ನೋಡುವುದರಿಂದ ತಪ್ಪಿನ ಹೊರೆ ಎಷ್ಟೋ ಇಳಿಯುತ್ತದೆ.

‘ಅವನ ಬದಲು ನಾನು ಹೋಗಬೇಕಿತ್ತು’ ಎಂಬ ಮಾತು ಬಂದರೆ ಹಾರಿಸಿಬಿಡಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದಲೇ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಬಂದೂಕು, ಮಾತ್ರೆಗಳನ್ನು ಕೈಗೆಟುಕದಂತೆ ಇಟ್ಟು, ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿ ಕರೆದೊಯ್ಯಿರಿ.