ಮಳೆಗಾಲದಲ್ಲಿ ನಾಯಿ ಕರ್ಕೊಂಡು ಕೊಡಗಿಗೆ ಬರ್ಬೋದಾ?

ಜುಲೈ ಕೊನೇಲಿ ಲ್ಯಾಬ್ರಡಾರ್ ಕರ್ಕೊಂಡು ಮೂರು ದಿನ ಮಡಿಕೇರಿ ಕಡೆ ಬರ್ತೀವಿ, ಆಫ್ ಸೀಸನ್ ಅಲ್ವಾ ರೂಮೂ ಕಮ್ಮಿಗೆ ಸಿಗತ್ತೆ, ನಾಯಿ ಜೊತೆ ಎಲ್ಲೆಲ್ಲಿ ಸುತ್ಬೋದು ಅಂತ ಕೇಳಿದೀರಿ. ನಮ್ದು ಸುಂಟಿಕೊಪ್ಪದ ಹತ್ರ ತೋಟದ ಮನೆ, ಎರಡು ನಾಯಿ ಇದಾವೆ. ಸುತ್ತೋ ಪ್ಲಾನ್ ಬಿಟ್ಬಿಡಿ ಸಾರ್, ಒಳ್ಳೆ ಜಗಲಿ ಇರೋ ಹೋಮ್‌ಸ್ಟೇ ಹುಡುಕಿ.

ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಮೂರೂ ವನ್ಯಧಾಮ, ನಾಗರಹೊಳೆ ಹುಲಿ ಕಾಡು, ಅಲ್ಲೆಲ್ಲ ನಾಯಿ ಬಿಡಲ್ಲ, ಮಳೆ ಜೋರಾದ್ರೆ ಮನುಷ್ಯರನ್ನೂ ಬಿಡಲ್ಲ. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಿದ್ದು ನೋಡಿದ್ಮೇಲೆ ರೆಡ್ ಅಲರ್ಟ್ ಅಂದ್ರೆ ನಾವೇ ಆಚೆ ಕಾಲಿಡಲ್ಲ, ಅದಕ್ಕೆ ಅಲರ್ಟ್ ಬಂದ್ರೆ ದುಡ್ಡು ವಾಪಸ್ ಕೊಡ್ತೀರಾ ಅಂತ ಮೊದ್ಲೇ ಕೇಳ್ಕೊಳ್ಳಿ.

ಪೆಟ್ ಫ್ರೆಂಡ್ಲಿನಾ ಅಂದ್ರೆ ಎಲ್ರೂ ಹೂಂ ಅಂತಾರೆ. ನೀವು ಕೇಳ್ಬೇಕಾಗಿದ್ದು ನಿಮ್ಮ ನಾಯಿಗಳನ್ನ ಕಟ್ತೀರಾ ಅಂತ, ಯಾಕಂದ್ರೆ ತೋಟದ ನಾಯಿಗಳನ್ನ ರಾತ್ರಿ ಬಿಟ್ಟಿರ್ತಾರೆ, ಅವು ಹೊಸಬರನ್ನ ಸೇರಿಸಲ್ಲ. ಒದ್ದೆ ನಾಯಿನ ಒಲೆ ಪಕ್ಕ ಮಲಗ್ಸೋಕೆ ಬಿಡ್ತಾರಾ ಅಂತಾನೂ ಕೇಳಿ, ಕರೆಂಟ್ ಎರಡೆರಡು ದಿನ ಇರಲ್ಲ, ಹೇರ್ ಡ್ರೈಯರ್ ತಂದು ಏನ್ ಮಾಡ್ತೀರಿ. ಆಮೇಲೆ ಕಾಫಿ ಕಣ. ಕೊಯ್ಲಿಲ್ಲದ ಕಾಲ ನೋಡಿ, ಕಣ ಖಾಲಿ ಬಿದ್ದಿರತ್ತೆ, ಮಳೆ ಬಿಟ್ಟಾಗ ಚೆಂಡು ಎಸೆಯೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ, ಪಾಚಿ ಕಟ್ಟಿದ್ರೆ ಮಾತ್ರ ನಾಯಿಗಿಂತ ಮೊದ್ಲು ನೀವು ಜಾರ್ತೀರಿ.

ಇನ್ನು ಜಿಗಣೆ. ಕಾಲಿಗೆ ಹತ್ತಿದ್ರೆ ದೊಡ್ಡ ವಿಷ್ಯ ಅಲ್ಲ, ಉಗುರಲ್ಲಿ ಪಕ್ಕಕ್ಕೆ ಸರಿಸಿದ್ರೆ ಬಿಡತ್ತೆ, ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿರತ್ತಲ್ಲ, ಸ್ವಲ್ಪ ಹೊತ್ತು ಸುರೀತಾ ಇರತ್ತೆ ಅಷ್ಟೆ. ತಂಟೆ ಇರೋದು ಮೂಗಲ್ಲಿ. ಹೋದ ವರ್ಷ ನಮ್ಮ ನಾಯಿ ಕೆಂಚ ಮೂರು ದಿನ ಸೀನಿದ್ದೇ ಸೀನಿದ್ದು, ನಾನು ಶೀತ ಅನ್ಕೊಂಡು ಅರಿಶಿನದ ಹಾಲು ಕುಡಿಸ್ತಿದ್ದೆ, ನಾಲ್ಕನೇ ದಿನ ರಾತ್ರಿ ನೆಲದ ಮೇಲೆ ಒಂದು ಹನಿ ರಕ್ತ, ಟಾರ್ಚ್ ಬಿಟ್ಟು ನೋಡಿದ್ರೆ ಎಡಗಡೆ ಹೊಳ್ಳೆಯಿಂದ ಕಪ್ಪಗೆ ಏನೋ ಇಣುಕಿ ಒಳಗೆ ಹೋಯ್ತು. ಡಾಕ್ಟ್ರು ಎರಡು ಗಂಟೆ ನೀರು ಕೊಡ್ಬೇಡಿ ಅಂದ್ರು, ಆಮೇಲೆ ಬಟ್ಟಲು ಮೂಗಿನ ಹತ್ರ ಹಿಡಿದ್ರೆ ಅದು ನೀರಿಗೆ ಉದ್ದಕ್ಕೆ ಚಾಚ್ಕೊಂಡು ಬಂತು, ಚಿಮಟದಲ್ಲಿ ಹಿಡಿದು ಎಳೆದ್ರು. ನೀವು ಕೈ ಹಾಕೋಕೆ ಹೋಗ್ಬೇಡಿ, ತುಂಡಾದ್ರೆ ಕಷ್ಟ. ಜಿಗಣೆಗೆ ಅಂತ ನಾವು ಕಾಲಿಗೆ ಹೊಗೆಸೊಪ್ಪು, ಸುಣ್ಣ ಹಚ್ಕೋತೀವಿ, ಅದನ್ನ ನಾಯಿಗೆ ಹಚ್ಬೇಡಿ, ನೆಕ್ಕಿದ್ರೆ ವಿಷ.

ಹೊರಡೋಕೆ ಮುಂಚೆ ಇಲಿಜ್ವರದ ಲಸಿಕೆ ಹಾಕ್ಸಿದೀರಾ ನೋಡಿ, ಅದು ಇಲಿ ಉಚ್ಚೆ ಸೇರಿದ ನೀರಿಂದ ಬರತ್ತೆ, ರಸ್ತೆ ಗುಂಡಿ ನೀರಿಗೆ ಬಾಯಿ ಹಾಕೋದು ಲ್ಯಾಬ್ ಹುಟ್ಟುಗುಣ. ಮೈಗೆ ಕಚ್ಕೊಂಡು ರಕ್ತ ಹೀರೋ ಉಣ್ಣಿಗೆ ಮಾತ್ರೆನೋ ಡ್ರಾಪ್ಸೋ ನಿಮ್ಮ ಡಾಕ್ಟ್ರನ್ನೇ ಕೇಳಿ.

ಬೆಲ್ಟ್ ಮಾತ್ರ ಬಿಚ್ಬೇಡಿ. ಸಿದ್ದಾಪುರ, ಪಾಲಿಬೆಟ್ಟ ಕಡೆ ತೋಟದೊಳಗೇ ಆನೆ ನಿಂತಿರತ್ತೆ, ನಾಯಿ ಬೊಗಳಿ ಕೆಣಕಿ ಸೀದಾ ಯಜಮಾನನ ಹತ್ರಾನೇ ಓಡಿ ಬರತ್ತೆ, ಹಿಂದೇನೇ ಆನೆ. ಹಂದಿಗೆ ಅಂತ ಬೇಲಿ ಸಂದಿಲಿ ಕದ್ದು ಉರುಳು ಇಟ್ಟಿರ್ತಾರೆ, ಅದು ಕಣ್ಣಿಗೂ ಕಾಣಲ್ಲ. ಕತ್ತಲಾದ್ಮೇಲೆ ಒಳಗೇ ಮಲಗ್ಸಿ, ಚಿರತೆಗೆ ನಾಯಿ ಅಂದ್ರೆ ಇಷ್ಟ.

ಒಂದು ವಾರ ಮುಂದೆ ಹಾಕ್ಕೊಂಡು ಆಗಸ್ಟ್ 3ಕ್ಕೆ ಇಲ್ಲಿರೋ ಹಾಗೆ ಬಂದ್ರೆ ಕಕ್ಕಡ ಪದಿನೆಟ್ಟ್, ಅಂದ್ರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದುಸೊಪ್ಪಿನ ಪಾಯಸ ಸಿಗತ್ತೆ. ಮಾರನೇ ದಿನ ಮೂತ್ರ ಕೆಂಪಗೆ ಹೋದ್ರೆ ಗಾಬರಿ ಬಿದ್ದು ಆಸ್ಪತ್ರೆ ಹುಡುಕ್ಬೇಡಿ, ಅದು ಸೊಪ್ಪಿನ ಬಣ್ಣ. ಆದ್ರೆ ನಾಯಿದು ಕೆಂಪಗೆ ಹೋದ್ರೆ ಅದು ಪಾಯಸ ಅಲ್ಲ, ಉಣ್ಣಿ ಜ್ವರ ಇರ್ಬೋದು, ಆವತ್ತೇ ಡಾಕ್ಟ್ರ ಹತ್ರ ಓಡಿ.