ಕಂಬದ ಮೇಲೆ ಬಿಲ್ಲು ಹೊರಳ್ತಿದೆ, ಬಿಗಿದುಬಿಡ್ಲಾ?

ಪ್ರಶ್ನೆ: ನಮಸ್ಕಾರ ಸರ್. ತಡಸಲು ಮರದಲ್ಲಿ 5 ಅಡಿ 8 ಇಂಚಿನ ಬಿಲ್ಲು ಮಾಡ್ತಿದೀನಿ. ಗೋಡೆಗೆ ಒಂದು ಕಂಬ ನಿಲ್ಸಿ, ತುದೀಲಿ ಎರಡು ಮೊಳೆ ಹೊಡೆದು, ಮಧ್ಯ ಬಿಲ್ಲಿಟ್ಟು, ಹೆದೆನ ಹಗ್ಗ ಕಟ್ಟಿ ಕೆಳಕ್ಕೆ ಎಳೆದು ಬಾಗು ನೋಡ್ತೀನಿ. ಎಳೆದಾಗೆಲ್ಲ ಪಕ್ಕಕ್ಕೆ ಹೊರಳುತ್ತೆ, ಮೊನ್ನೆ ಹಾರಿ ಬಂದು ಮೊಣಕೈಗೆ ಬಡೀತು. ಕ್ಲಾಂಪ್ ಹಾಕಿ ಬಿಗಿದುಬಿಡ್ಲಾ?
– ಒಬ್ಬ ಓದುಗ, ತೀರ್ಥಹಳ್ಳಿ

ಉತ್ತರ: ಮರ ಚೆನ್ನಾಗಿ ಆರಿಸಿದೀರಾ, ತಡಸಲಿಗೆ ಸಂಸ್ಕೃತದಲ್ಲಿ ಧನುರ್ವೃಕ್ಷ ಅಂತಾನೇ ಒಂದು ಹೆಸರಿದೆ. ಆದ್ರೆ ಬಿಗೀಬೇಡಿ. ನಾನು ಒಂದ್ಸಲ ಹಂಗೇ ಸಿ-ಕ್ಲಾಂಪ್ ಹಾಕಿ ಬಿಗಿದು ಕೀಸಿದ್ದೆ, ಗೋಡೆ ಮೇಲೆ ಬಿಲ್ಲಿನ ಎರಡು ತೋಳೂ (ಹಿಡಿಯ ಆಚೀಚೆ ಬಾಗೋ ಭಾಗ) ಸಮ ಕಾಣ್ತಿದ್ವು, ಕೈಗೆ ತಗೊಂಡು ಎಳೆದ್ರೆ ಹಿಡಿ ಅಂಗೈಲೇ ವಾಲೋಕೆ ಶುರುವಾಯ್ತು. ಒಂದು ತೋಳು ಗಟ್ಟಿ ಇದ್ರೆ ಬಿಲ್ಲು ತಕ್ಕಡಿ ಥರ ಒಂದು ಕಡೆ ವಾಲುತ್ತೆ, ಎಲ್ಲಿ ಕೀಸಬೇಕು ಅಂತ ನಮಗೆ ಗೊತ್ತಾಗೋದೇ ಅದರಿಂದ. ಆ ವಾಲೋದನ್ನ ಹಾಗೇ ಇರಲು ಬಿಡಿ. ಹೊರಳೋದು, ಜಾರೋದು ಮಾತ್ರ ನಿಲ್ಲಿಸಿ.

ಮೊಳೆ ಕಿತ್ತಾಕಿ. ಕಂಬದ ತಲೇಲಿ ಹಿಡಿಯ ಅಗಲಕ್ಕೆ ಸರಿಯಾಗಿ ಒಂದು ಕಚ್ಚು ಕೊರೀರಿ, ಎರಡೂ ಪಕ್ಕ ಒಂದೊಂದು ಇಂಚು ಎತ್ತರದ ಗೋಡೆ ಉಳೀಲಿ, ತಳಕ್ಕೆ ಹಳೇ ಸೈಕಲ್ ಟ್ಯೂಬ್ ಅಂಟ್ಸಿ, ರಬ್ಬರ್ ಹಿಡ್ಕೊಳ್ಳುತ್ತೆ, ಮರಕ್ಕೆ ಗಾಯಾನೂ ಆಗಲ್ಲ. ನಿಮ್ಮ ಹಿಡಿ ಆಗ್ಲೇ ದುಂಡಗಿದ್ರೆ ಹೊರಳೋಕೆ ಅರ್ಧ ಕಾರಣ ಅದೇ, ಬಾಗು ಪೂರ್ತಿ ಸರಿಯಾಗೋವರೆಗೂ ಹಿಡಿ ಚೌಕವಾಗೇ ಇರಬೇಕು, ಆಮೇಲೆ ಮೂಲೆ ಉಜ್ಜೋದು. ಈಗ ದುಂಡಗಾಗಿದ್ರೆ ಒಂದು ಚಪ್ಪಟೆ ಪಟ್ಟಿ ಇಟ್ಟು ದಾರ ಸುತ್ತಿ ಕೂರ್ಸಿ. ಎಳೆಯುವಾಗ ಅಂಗೈ ಒತ್ತೋ ಜಾಗಾನೇ ಕಚ್ಚಿನ ಮೇಲೆ ಬರಲಿ, ಹೆದೇಲಿ ಬೆರಳು ಹಿಡಿಯೋ ಜಾಗಕ್ಕೇ ಕೊಕ್ಕೆ ಹಾಕಿ.

ಇಷ್ಟಾದ ಮೇಲೂ ಹೊರಳಿದ್ರೆ ತಪ್ಪು ಕಂಬದ್ದಲ್ಲ. ಒಂದು ತುದಿಯಿಂದ ಒಂದು ಕಣ್ಣು ಮುಚ್ಚಿ ನೋಡಿ, ಹೆದೆ ಹಿಡಿಯ ನಡುವೆ ಹಾದು ಹೋಗ್ತಿದೆಯಾ? ಬಲಕ್ಕೆ ಸರಿದಿದ್ರೆ ಮೊದಲು ತುದೀಲಿ ಹೆದೆ ಕೂರೋ ಎರಡೂ ಕಚ್ಚು ಒಂದೇ ಆಳ ಇವೆಯಾ ನೋಡಿ, ಇದ್ರೆ ತೋಳಿನ ಬಲಭಾಗ ಸೋತಿದೆ ಅಂತ ಅರ್ಥ, ಎಡಭಾಗ ಸ್ವಲ್ಪ ಸ್ವಲ್ಪ ಅರದಲ್ಲಿ ಉಜ್ಜಿ, ಹೊಟ್ಟೆ (ಎಳೆಯುವಾಗ ನಿಮ್ಮ ಕಡೆ ಇರೋ ಮುಖ) ಕಡೆಯಿಂದ ಮಾತ್ರ. ಬೆನ್ನಿನ, ಅಂದ್ರೆ ಆಚೆ ಮುಖದ, ಎಳೆ ತುಂಡಾದ್ರೆ ಬಿಲ್ಲು ಮುರಿಯೋದು ಅಲ್ಲಿಂದಾನೇ. ಪ್ರತಿ ಸಲ ಉಜ್ಜಿದ ಮೇಲೆ 20–30 ಸಲ ಸಣ್ಣಗೆ ಎಳೆದು ಬಿಡಿ, ಆಮೇಲೆ ನೋಡಿ, ಮರಕ್ಕೆ ಹೊಸ ಬಾಗು ತೋರ್ಸೋಕೆ ಅಷ್ಟು ಬೇಕು.

ಇನ್ನು ಮೊಣಕೈ ವಿಷಯ. ನೀವು ಬಿಲ್ಲಿನ ಕೆಳಗೇ ನಿಂತು ಎಳೀತಿದ್ರಿ ಅನ್ಸುತ್ತೆ, ಅದು ನಂಗೆ ನಿಜವಾಗ್ಲೂ ಭಯ. ಕಂಬದ ಬುಡಕ್ಕೆ ಬಾವಿ ರಾಟೆ ಹಾಕಿ, ಹಗ್ಗ ಅದರಲ್ಲಿ ಹಾಯ್ಸಿ, 8–10 ಅಡಿ ದೂರ ನಿಂತು ಎಳೀರಿ, ದೂರದಿಂದ ಬಾಗೂ ಚೆನ್ನಾಗಿ ಕಾಣುತ್ತೆ. ಹಿಡಿ ಮೇಲೊಂದು ಹಗ್ಗ ಸಡಿಲವಾಗಿ ಕಟ್ಟಿ, ವಾಲೋಕೆ ಜಾಗ ಇರಲಿ, ಹಾರೋಕೆ ಬೇಡ. ಕನ್ನಡಕ ಹಾಕಿ. ಎಳೆದು ಹಂಗೇ ಹಿಡ್ಕೊಂಡು ನೋಡ್ತಾ ನಿಲ್ಬೇಡಿ, ಬಿಲ್ಲು ಬಾಗಿದ ಹಂಗೇ ಕೂತುಬಿಡುತ್ತೆ, ಆಮೇಲೆ ನೆಟ್ಟಗಾಗಲ್ಲ. ಫೋನಲ್ಲಿ ಫೋಟೋ ತೆಗೆದು ತಕ್ಷಣ ಬಿಡಿ.

ಮೊಣಕೈ ಊತ ಇಳೀಲಿ, ಆಮೇಲೆ ಶುರು ಮಾಡಿ. ಮರ ಕಾಯುತ್ತೆ.